ಏಜೆನ್ಸಿ ಚಂದಾ ಇಲ್ಲದೆ ಕನ್ನಡದಲ್ಲಿ ವಿದೇಶಾಂಗ ನೀತಿಯ ಸುದ್ದಿತಾಣ: ಮೂಲ, ಕಾನೂನು, ಹಣ, ತಾಂತ್ರಿಕ ವಿಚಾರ

ಶರಾವತಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಾಜಕೀಯ ಮತ್ತು ವಿದೇಶಾಂಗ ನೀತಿಗಷ್ಟೇ ಮೀಸಲಾದ ಸಣ್ಣ ಕನ್ನಡ ಸುದ್ದಿತಾಣವೊಂದು ಎರಡು ತಿಂಗಳಲ್ಲಿ ಶುರುವಾಗಲಿದೆ. ಪೂರ್ಣಾವಧಿ ಇಬ್ಬರು, ಅರೆಕಾಲಿಕ ಒಬ್ಬರು. ದಿನಕ್ಕೆ ಎರಡೋ ಮೂರೋ ಬರಹ. ಪಕ್ಷದ ಹಣವಿಲ್ಲ, ಉದ್ಯಮಿಗಳ ಹಣವಿಲ್ಲ, ಓದುಗರ ಚಂದಾದ ಮೇಲೆಯೇ ನಿಲ್ಲಬೇಕು. ಸುದ್ದಿಸಂಸ್ಥೆಗಳ ಚಂದಾ ಕಟ್ಟುವ ಶಕ್ತಿ ಸದ್ಯಕ್ಕಿಲ್ಲ. ತಿಳಿದವರು ಇವಿಷ್ಟನ್ನು ಬಿಡಿಸಿ ಹೇಳಿದರೆ ಉಪಕಾರ:

1. ಏಜೆನ್ಸಿ ಇಲ್ಲದೆ ವಿದೇಶಾಂಗ ಸುದ್ದಿಗೆ ನಂಬಬಹುದಾದ ಮೂಲ ಯಾವುದು? ದಿನದ ಯಾವ ಹೊತ್ತಿಗೆ ಏನನ್ನು ನೋಡಬೇಕು?
2. ವೆಬ್‌ಸೈಟಿಗೆ ನೋಂದಣಿ ಬೇಕೆ? 2021ರ ಐಟಿ ನಿಯಮಗಳು ಸಣ್ಣ ತಾಣಕ್ಕೂ ಅನ್ವಯವಾಗುತ್ತವೆಯೆ?
3. ಅಮೆರಿಕ, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರು ಹಣ ಕೊಡಲು ಮುಂದೆ ಬಂದಿದ್ದಾರೆ. ತೆಗೆದುಕೊಳ್ಳಬಹುದೆ?
4. ಕನ್ನಡ ತಾಣದಲ್ಲಿ ಮೊದಲೇ ಸರಿಮಾಡಿಕೊಳ್ಳಬೇಕಾದ ತಾಂತ್ರಿಕ ವಿಷಯಗಳೇನು?

ಕಡತಪ್ರಿಯ

ಏಜೆನ್ಸಿ ಇಲ್ಲ ಎಂಬುದನ್ನು ಕೊರತೆಯೆಂದು ನೋಡಬೇಡಿ. ವಿದೇಶಾಂಗ ವ್ಯವಹಾರದ ಸುದ್ದಿ ಹೆಚ್ಚಾಗಿ ಹುಟ್ಟುವುದು ಬರೆದಿಟ್ಟ ಹೇಳಿಕೆ, ಸಂಸತ್ತಿನ ಉತ್ತರ, ವಿಶ್ವಸಂಸ್ಥೆಯ ಠರಾವುಗಳಲ್ಲಿ. ಅವೆಲ್ಲ ಎಲ್ಲರಿಗೂ ಪುಕ್ಕಟೆ ಸಿಗುತ್ತವೆ. ಕನ್ನಡದಲ್ಲಿ ಅವನ್ನು ಕೊನೆಯ ಸಾಲಿನವರೆಗೆ ಓದುವವರು ಕಡಿಮೆ. ನಿಮ್ಮ ಜಾಗ ಅಲ್ಲೇ ಇದೆ.

ಮೊದಲು ದಿನದ ಹೊತ್ತು. ಚೀನಾ ವಿದೇಶಾಂಗ ಸಚಿವಾಲಯದ ಪತ್ರಿಕಾಗೋಷ್ಠಿ ವಾರದ ಕೆಲಸದ ದಿನಗಳಲ್ಲಿ ಬೀಜಿಂಗ್ ಕಾಲಮಾನ ಮಧ್ಯಾಹ್ನ 3ಕ್ಕೆ, ನಮಗೆ 12.30. ನಮ್ಮ ವಿದೇಶಾಂಗ ಸಚಿವಾಲಯದ ವಾರದ ಗೋಷ್ಠಿ ಸಾಮಾನ್ಯವಾಗಿ ಗುರುವಾರ ಅಥವಾ ಶುಕ್ರವಾರ. ವಿಡಿಯೋ ಕೂಡಲೇ ಸಿಗುತ್ತದೆ, ಅಕ್ಷರರೂಪ ತಡವಾಗಿ ಬರುತ್ತದೆ. ವಿಡಿಯೋ ನೋಡಿ ಬರೆದದ್ದನ್ನು ಅಕ್ಷರರೂಪ ಬಂದ ಮೇಲೆ ಇನ್ನೊಮ್ಮೆ ತಾಳೆ ನೋಡಿ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10ರ ವಿಶ್ವಸಂಸ್ಥೆ ಕಲಾಪ ನಮಗೆ ಬೇಸಿಗೆಯಲ್ಲಿ ಸಂಜೆ 7.30, ಚಳಿಗಾಲದಲ್ಲಿ 8.30. ವಾಷಿಂಗ್ಟನ್ನಿನ ಹೇಳಿಕೆಗಳು ಬಹುತೇಕ ನಮ್ಮ ಮಧ್ಯರಾತ್ರಿಯ ಆಚೀಚೆ ಬರುತ್ತವೆ. ಇಬ್ಬರೇ ಇರುವುದರಿಂದ ರಾತ್ರಿಪಾಳಿಯ ಬದಲು ಬೆಳಿಗ್ಗೆ 6ರಿಂದ 8 ‘ರಾತ್ರಿ ಬಂದದ್ದರ ಓದು’ ಎಂದು ಇಟ್ಟುಕೊಳ್ಳಿ.

ವಿದೇಶಾಂಗ ಸಚಿವಾಲಯದ ತಾಣದಲ್ಲಿ ಪತ್ರಿಕಾ ಪ್ರಕಟಣೆ ಮಾತ್ರ ನೋಡಿ ಬಿಡಬೇಡಿ. ‘ಮಾಧ್ಯಮದ ಪ್ರಶ್ನೆಗಳಿಗೆ ಪ್ರತಿಕ್ರಿಯೆ’ ಮತ್ತು ‘ದ್ವಿಪಕ್ಷೀಯ ದಾಖಲೆಗಳು’ ಬೇರೆಬೇರೆ ಕಡೆ ಇರುತ್ತವೆ. ಸರ್ಕಾರ ತಾನಾಗಿ ಹೇಳಿದ್ದಕ್ಕೂ, ಕೇಳಿದಾಗ ಮಾತ್ರ ಹೇಳಿದ್ದಕ್ಕೂ ತೂಕ ಬೇರೆ. ಯಾವ ವಿಭಾಗದಲ್ಲಿ ಬಂತು ಎಂಬುದೇ ಒಂದು ಮಾಹಿತಿ.

ಸಂಸತ್ತು ಇನ್ನೊಂದು ಗಣಿ. ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನ (ಸದನದಲ್ಲಿ ಮೌಖಿಕ ಉತ್ತರದ) ಪ್ರಶ್ನೆ, 230 ಚುಕ್ಕೆ ರಹಿತ (ಲಿಖಿತ ಉತ್ತರದ) ಪ್ರಶ್ನೆ. ರಾಜ್ಯಸಭೆಯಲ್ಲಿ 15 ಮತ್ತು 160. ವಿದೇಶಾಂಗ ಸಚಿವಾಲಯದ ಸರದಿ ರಾಜ್ಯಸಭೆಯಲ್ಲಿ ಗುರುವಾರ, ಲೋಕಸಭೆಯಲ್ಲಿ ಶುಕ್ರವಾರ. ಟಿವಿಯಲ್ಲಿ ಬರುವುದು ಚುಕ್ಕೆ ಗುರುತಿನದು, ಅಂಕಿಅಂಶ ಸಿಗುವುದು ಚುಕ್ಕೆ ರಹಿತ ಲಿಖಿತ ಉತ್ತರದಲ್ಲಿ. ವಿದೇಶಿ ಜೈಲುಗಳಲ್ಲಿರುವ ಭಾರತೀಯರೆಷ್ಟು, ಯಾವ ದೇಶದಲ್ಲಿ ಎಷ್ಟು ವಿದ್ಯಾರ್ಥಿಗಳು ಎಂಬಂಥ ಪಟ್ಟಿ ಅನುಬಂಧದಲ್ಲಿ ಕೂತಿರುತ್ತದೆ. ಓದುವಾಗ ಇದನ್ನು ಮರೆಯಬೇಡಿ: ಪ್ರಶ್ನೆಯಲ್ಲಿ ನಾಲ್ಕು ಭಾಗವಿದ್ದು, ಉತ್ತರ ‘ಎ ಯಿಂದ ಡಿ ವರೆಗೆ’ ಎಂದು ಒಟ್ಟಾಗಿ ಬಂದಿದ್ದರೆ, ಯಾವ ಭಾಗಕ್ಕೆ ಉತ್ತರವೇ ಇಲ್ಲ ಎಂದು ಒಂದೊಂದಾಗಿ ಗುರುತು ಹಾಕಿ. ಎಷ್ಟೋ ಸಲ ಸುದ್ದಿ ಅದೇ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದಿದ್ದರೆ ಅದು ಸದನಕ್ಕೆ ಕೊಟ್ಟ ಭರವಸೆ, ಮೂರು ತಿಂಗಳಲ್ಲಿ ಪೂರೈಸಬೇಕು. ಕ್ಯಾಲೆಂಡರಿನಲ್ಲಿ ಬರೆದಿಟ್ಟು ಆ ದಿನ ಮತ್ತೆ ಹುಡುಕಿ.

ವಿಶ್ವಸಂಸ್ಥೆಯ ಮತದ ಲೆಕ್ಕದಲ್ಲಿ ಕನ್ನಡದ ವರದಿಗಳು ಪದೇಪದೇ ಎಡವುತ್ತವೆ. ಸಾಮಾನ್ಯ ಸಭೆಯಲ್ಲಿ ‘ಹಾಜರಿದ್ದು ಮತ ಹಾಕಿದವರು’ ಎಂದರೆ ಪರ ಅಥವಾ ವಿರೋಧ ಹಾಕಿದವರು ಮಾತ್ರ, ತಟಸ್ಥರು ಲೆಕ್ಕಕ್ಕಿಲ್ಲ. 2023ರ ಅಕ್ಟೋಬರ್ 27ರಂದು ಗಾಜಾ ಠರಾವಿಗೆ ಕೆನಡಾ ತಂದ ತಿದ್ದುಪಡಿಗೆ ಪರ 88, ವಿರೋಧ 55, ತಟಸ್ಥ 23. ಪರ ಹೆಚ್ಚಿದ್ದರೂ ಬಿದ್ದುಹೋಯಿತು. ಏಕೆಂದರೆ ಅದಕ್ಕೆ ಮೂರನೇ ಎರಡು ಬಹುಮತ ಬೇಕಿತ್ತು: ಪರ, ವಿರೋಧ ಸೇರಿ 143 ಮತ, ಅದರ ಮೂರನೇ ಎರಡು ಭಾಗಕ್ಕೆ 96. ಭಾರತ ಆ ತಿದ್ದುಪಡಿಯ ಪರ ಮತ ಹಾಕಿ, ಮೂಲ ಠರಾವಿನಲ್ಲಿ ತಟಸ್ಥವಾಯಿತು. ತಿದ್ದುಪಡಿಯ ಮತವನ್ನು ಬಿಟ್ಟು ಬರೆದರೆ ಭಾರತದ ನಿಲುವು ಅರ್ಧವೇ ತಿಳಿಯುತ್ತದೆ. ಅದೇ ದಿನ ಫಲಕದಲ್ಲಿ ಮೂಲ ಠರಾವಿಗೆ 120–14–45 ಎಂದು ಬಂತು. ಆಮೇಲೆ ಇರಾಕ್ ತನ್ನ ಮತ ಸರಿಪಡಿಸಿದ್ದರಿಂದ 121–14–44 ಆಯಿತು. ಹಾಗಾಗಿ ಫಲಕದ ಫೋಟೋ ಜತೆಗೆ ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯದ ಮತದಾಖಲೆ, ಭಾರತದ ಪ್ರತಿನಿಧಿ ಕೊಟ್ಟ ‘ಮತದ ವಿವರಣೆ’ ಎರಡನ್ನೂ ನೋಡಿ. ಹಳೆಯ ಮತಗಳನ್ನು ಪಕ್ಕದಲ್ಲಿಡಿ: 2023ರ ಡಿಸೆಂಬರ್ 12ರ ಗಾಜಾ ಕದನವಿರಾಮದ ಠರಾವಿಗೆ ಭಾರತ ಪರ (153–10–23), 2025ರ ಜೂನ್ 12ರದಕ್ಕೆ ತಟಸ್ಥ (149–12–19). ಈ ಮೂರು ಸಾಲಿನ ಕೋಷ್ಟಕ ಒಂದು ಪುಟದ ವಿಶ್ಲೇಷಣೆಗಿಂತ ಹೆಚ್ಚು ಹೇಳುತ್ತದೆ.

ಇನ್ನು ಎರಡು ದೇಶದ ನಾಯಕರು ಮಾತಾಡಿದರೆ ಎರಡೂ ಕಡೆಯ ಹೇಳಿಕೆ ತೆಗೆದು ಅಕ್ಕಪಕ್ಕ ಇಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಬಣ್ಣ ಹಚ್ಚಿ. 2024ರ ಅಕ್ಟೋಬರ್ 21ರಂದು ಪೂರ್ವ ಲಡಾಖ್ ಗಸ್ತಿನ ಒಪ್ಪಂದವನ್ನು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಪ್ರಕಟಿಸಿದರು, ಚೀನಾದ ವಕ್ತಾರರು ದೃಢಪಡಿಸಿದ್ದು ಮರುದಿನ. ಆ ನಡುವಿನ ಹೊತ್ತಿನಲ್ಲಿ ‘ಭಾರತ ಹೇಳಿದೆ’ ಎಂದೇ ಬರೆಯಬೇಕಿತ್ತು, ‘ಎರಡೂ ದೇಶ ಒಪ್ಪಿವೆ’ ಎಂದಲ್ಲ.

ವ್ಯಾಪಾರದ ಅಂಕಿ ಎರಡು ಕಡೆ ಎಂದೂ ಒಂದೇ ಬರುವುದಿಲ್ಲ. ನಮ್ಮ ವಾಣಿಜ್ಯ ಸಚಿವಾಲಯದ್ದು ಏಪ್ರಿಲ್–ಮಾರ್ಚ್, ಅಮೆರಿಕದ ಜನಗಣತಿ ಇಲಾಖೆಯದು ಜನವರಿ–ಡಿಸೆಂಬರ್. ನಾವು ಆಮದನ್ನು ಸಾಗಣೆ, ವಿಮೆ ಸೇರಿಸಿ ಲೆಕ್ಕ ಹಾಕುತ್ತೇವೆ. ಸೇವೆಗಳ ವ್ಯಾಪಾರ ಸೇರಿದೆಯೇ ಇಲ್ಲವೇ ಎಂಬುದು ಇನ್ನೊಂದು. ವರ್ಷ, ಮೂಲ, ಸರಕೋ ಸೇವೆಯೋ, ಮೂರನ್ನೂ ಅಂಕಿಯ ಪಕ್ಕದಲ್ಲೇ ಬರೆಯಿರಿ.

ಕೊನೆಯದಾಗಿ ಸಂಗ್ರಹ. ಕೊಂಡಿ ನಂಬಬೇಡಿ. ಅಮೆರಿಕದಲ್ಲಿ ಆಡಳಿತ ಬದಲಾದ ದಿನವೇ ಶ್ವೇತಭವನದ ಹಳೆಯ ಪುಟಗಳು ಬೇರೆ ವಿಳಾಸಕ್ಕೆ ಹೋಗುತ್ತವೆ. ಉಲ್ಲೇಖಿಸಿದ ಪ್ರತಿ ಪುಟವನ್ನೂ ವೇಬ್ಯಾಕ್ ಮಷೀನಿನಲ್ಲಿ ಉಳಿಸಿ, ಪಿಡಿಎಫ್ ಒಂದನ್ನು ನಿಮ್ಮಲ್ಲೂ ಇಟ್ಟುಕೊಳ್ಳಿ. ಕಡತದ ಹೆಸರು ವರ್ಷ-ತಿಂಗಳು-ದಿನದಿಂದಲೇ ಶುರುವಾಗಲಿ.

ಡೆಸ್ಕಿನ ಪೆನ್ಸಿಲ್

ಕಡತಪ್ರಿಯರು ಹೇಳಿದ್ದೆಲ್ಲ ಸರಿ. ಆದರೆ ಮೂಲ ಓದಿಯೂ ಕನ್ನಡಕ್ಕೆ ತರುವಾಗ ಕೆಡುವುದೇ ಹೆಚ್ಚು. ಮೊದಲ ವಾರವೇ ಒಂದು ಪದಪಟ್ಟಿ ಮಾಡಿ, ಮೂವರೂ ಅದಕ್ಕೆ ಬದ್ಧರಾಗಿ.

2025ರ ಏಪ್ರಿಲ್ 23ರಂದು ಸಿಂಧೂ ಜಲ ಒಪ್ಪಂದದ ಬಗ್ಗೆ ಸರ್ಕಾರ ಹೇಳಿದ್ದು, ಪಾಕಿಸ್ತಾನ ಗಡಿಯಾಚೆಯ ಭಯೋತ್ಪಾದನೆಗೆ ಬೆಂಬಲ ಕೈಬಿಡುವವರೆಗೆ ಅದನ್ನು ತಡೆಹಿಡಿಯಲಾಗಿದೆ ಎಂದು. ‘ಒಪ್ಪಂದ ರದ್ದು’ ಎಂಬ ತಲೆಬರಹ ತಪ್ಪು. 1960ರ ಆ ಒಪ್ಪಂದದ 12ನೇ ವಿಧಿಯ ಪ್ರಕಾರ, ಎರಡೂ ಸರ್ಕಾರಗಳು ಇನ್ನೊಂದು ಒಪ್ಪಂದ ಮಾಡಿಕೊಂಡು ಸ್ಥಿರೀಕರಿಸುವವರೆಗೂ ಅದು ಜಾರಿಯಲ್ಲಿರುತ್ತದೆ. ಒಬ್ಬರೇ ಹೊರನಡೆಯಲು ಬಾಗಿಲಿಲ್ಲ. ‘ರದ್ದು’ ಎಂದು ಬರೆದುಬಿಟ್ಟರೆ ಮುಂದಿನ ಕಾನೂನು ಜಗಳ ಓದುಗರಿಗೆ ಅರ್ಥವೇ ಆಗುವುದಿಲ್ಲ. ‘ತಡೆಹಿಡಿದಿದೆ’ ಸಾಕು.

ಅದೇ ವರ್ಷದ ಮೇ 10. ಅಮೆರಿಕದ ಅಧ್ಯಕ್ಷ ಟ್ರಂಪ್ ಮೊದಲು ಪೋಸ್ಟ್ ಹಾಕಿ, ತಮ್ಮ ಮಧ್ಯಸ್ಥಿಕೆಯಲ್ಲಿ ಭಾರತ–ಪಾಕಿಸ್ತಾನ ಕದನವಿರಾಮವಾಯಿತು ಎಂದರು. ಆಮೇಲೆ ಮಿಸ್ರಿ ಹೇಳಿದ್ದು: ಪಾಕಿಸ್ತಾನದ ಸೇನಾ ಕಾರ್ಯಾಚರಣೆ ಮಹಾನಿರ್ದೇಶಕರು ಮಧ್ಯಾಹ್ನ 3.35ಕ್ಕೆ ಕರೆ ಮಾಡಿದರು, ಸಂಜೆ 5ರಿಂದ ನೆಲ, ಜಲ, ಆಕಾಶದಲ್ಲಿ ಗುಂಡು ಮತ್ತು ಸೇನಾ ಕಾರ್ಯಾಚರಣೆ ನಿಲ್ಲಿಸಲು ಒಪ್ಪಲಾಯಿತು. ಈ ಎರಡು ಹೇಳಿಕೆಗಳಲ್ಲಿ ಮಧ್ಯಸ್ಥಿಕೆಯೇ ಮುಖ್ಯ ಭೇದ. ಒಂದೇ ವಾಕ್ಯದಲ್ಲಿ ಬೆರೆಸಿದರೆ ಅದು ಯಾರ ಮಾತೂ ಅಲ್ಲದ ಮೂರನೆಯದಾಗುತ್ತದೆ. ಯಾರು, ಎಷ್ಟು ಹೊತ್ತಿಗೆ, ಯಾವ ಮಾತಿನಲ್ಲಿ ಹೇಳಿದರು ಎಂಬ ಕ್ರಮದಲ್ಲಿ ಬರೆಯಿರಿ.

ಎಲ್‌ಒಸಿ ಪಾಕಿಸ್ತಾನದ ಜತೆಗಿನದು, ಎಲ್‌ಎಸಿ ಚೀನಾದ ಜತೆಗಿನದು. ‘ಗಡಿ ನಿಯಂತ್ರಣ ರೇಖೆ’, ‘ವಾಸ್ತವಿಕ ಗಡಿ ನಿಯಂತ್ರಣ ರೇಖೆ’ ಎಂದು ಬರೆಯುವಾಗ ‘ವಾಸ್ತವಿಕ’ ಬಿಟ್ಟುಹೋದರೆ ದೇಶವೇ ಬದಲಾಗುತ್ತದೆ. ಆದ್ದರಿಂದ ಮೊದಲ ಉಲ್ಲೇಖದಲ್ಲಿ ದೇಶದ ಹೆಸರು ಕಡ್ಡಾಯ. ‘ತಟಸ್ಥ’ ಬೇರೆ, ‘ಗೈರು’ ಬೇರೆ. ಮತದಾಖಲೆಯಲ್ಲೇ ಅವು ಬೇರೆ ಬೇರೆ ಕಾಣುತ್ತವೆ. ತಿಳಿವಳಿಕೆ ಪತ್ರಕ್ಕೆ (ಎಂಒಯು) ‘ಒಪ್ಪಂದ’ ಎಂದು ಬರೆದು ಸಹಿಯಾದ ದಿನವೇ ‘ಇಷ್ಟು ಕೋಟಿ ಹೂಡಿಕೆ ಬಂತು’ ಎನ್ನುವುದು ಇನ್ನೊಂದು ಹಳೆಯ ತಪ್ಪು. ‘ಕಳವಳ’, ‘ತೀವ್ರ ಕಳವಳ’, ‘ಖಂಡನೆ’ ಇವು ರಾಜತಾಂತ್ರಿಕರು ತಕ್ಕಡಿಯಲ್ಲಿಟ್ಟು ತೂಗಿ ಬಳಸುವ ಪದಗಳು. ಕಳವಳ ವ್ಯಕ್ತಪಡಿಸಿದ್ದನ್ನು ತಲೆಬರಹ ಚೆನ್ನಾಗಿ ಕಾಣಲೆಂದು ‘ಖಂಡಿಸಿದ ಭಾರತ’ ಮಾಡಬೇಡಿ.

ಇನ್ನೊಂದು ಮಾತು. ‘ಮೂಲಗಳ ಪ್ರಕಾರ’ ಎಂದು ದೆಹಲಿಯಿಂದ ಬರುವ ಸುದ್ದಿಯನ್ನು ನೀವು ಪರಿಶೀಲಿಸಲಾರಿರಿ. ಅದನ್ನು ಬೇರೆ ತಾಣದಿಂದ ಎತ್ತಿ ಹಾಕುವ ಬದಲು ಬಿಟ್ಟುಬಿಡಿ. ಒಂದು ದಿನ ತಡವಾದರೂ ದಾಖಲೆ ಬಂದ ಮೇಲೆ ಬರೆದದ್ದು ಒಂದು ವರ್ಷ ಓದಿಸಿಕೊಳ್ಳುತ್ತದೆ.

ಕಾನೂನುಕಟ್ಟೆ

ಪ್ರಶ್ನೆ 2ಕ್ಕೆ. ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ, 2023 (ಜಾರಿ 2024ರ ಮಾರ್ಚ್ 1) ಮುದ್ರಿತ ನಿಯತಕಾಲಿಕೆಗಳಿಗೆ. ಬರೀ ವೆಬ್‌ಸೈಟಿಗೆ ಆ ನೋಂದಣಿ ಇಲ್ಲ. ಐಟಿ ನಿಯಮಗಳು 2021ರ ಮೂರನೇ ಭಾಗ ಮಾತ್ರ ಸಣ್ಣದು ದೊಡ್ಡದು ಎನ್ನದೆ ಸುದ್ದಿ ಪ್ರಕಾಶಕರೆಲ್ಲರಿಗೂ ಅನ್ವಯ. ಮಾಡಬೇಕಾದ್ದು ಇಷ್ಟು:

ತಾಣ ಶುರುವಾದ 30 ದಿನದೊಳಗೆ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ನಿಗದಿತ ನಮೂನೆಯಲ್ಲಿ ಸಂಸ್ಥೆಯ ವಿವರ ಕೊಡಬೇಕು. ಇದು ಪರವಾನಗಿಯಲ್ಲ, ಮಾಹಿತಿ ನೀಡಿಕೆ. ಭಾರತದಲ್ಲಿರುವ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ತಾಣದಲ್ಲಿ ಕಾಣಬೇಕು. ದೂರು ಬಂದರೆ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ. ಪ್ರತಿ ತಿಂಗಳು ಎಷ್ಟು ದೂರು ಬಂತು, ಏನು ಕ್ರಮ ಎಂಬ ವರದಿ ಹಾಕಬೇಕು. ದೂರು ಸೊನ್ನೆ ಇದ್ದರೂ ಹಾಕಿ. ಪ್ರಕಟಿಸಿದ್ದನ್ನು ಕನಿಷ್ಠ 60 ದಿನ ಕಾಪಿಡಬೇಕು. ಅಳಿಸಿದ, ತಿದ್ದಿದ ಪ್ರತಿಗಳೂ ಉಳಿಯುವಂತೆ ಮಾಡಿಕೊಳ್ಳಿ.

ನೀತಿಸಂಹಿತೆ ಪಾಲನೆ ಮತ್ತು ದೂರು ಪರಿಹಾರದ ಮೂರು ಹಂತದ ವ್ಯವಸ್ಥೆ ಹೇಳುವ 9(1), 9(3)ನೇ ನಿಯಮಗಳಿಗೆ 2021ರ ಆಗಸ್ಟ್ 14ರಂದು ಬಾಂಬೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಅದು ದೇಶಕ್ಕೆಲ್ಲ ಅನ್ವಯವಾಗಬೇಕು ಎಂದು ಮುಂದಿನ ತಿಂಗಳು ಮದ್ರಾಸ್ ಹೈಕೋರ್ಟ್ ಹೇಳಿತು. ಹಾಗಂತ ದೂರು ಅಧಿಕಾರಿಯನ್ನು ಕೈಬಿಡಬೇಡಿ. ಪ್ರಕಟಿಸಿದ್ದನ್ನು ಸರ್ಕಾರ ತುರ್ತಾಗಿ ನಿರ್ಬಂಧಿಸಲು ಬಿಡುವ 16ನೇ ನಿಯಮಕ್ಕೆ ಹೈಕೋರ್ಟಿನ ಆ ತಡೆಯಿಲ್ಲ. 2025ರ ಮೇ 9ರಂದು ‘ದಿ ವೈರ್’ ತಾಣ ದೇಶದಲ್ಲಿ ತೆರೆಯದಾದಾಗ, ಐಟಿ ಕಾಯ್ದೆಯಡಿ ತಡೆಯಾಗಿದೆ ಎಂದು ಆ ತಾಣವೇ ತಿಳಿಸಿತ್ತು. ನಿಮಗೂ ಹಾಗಾದರೆ ಓದುಗರನ್ನು ತಲುಪಲು ಇಮೇಲ್ ಪಟ್ಟಿಯೊಂದು ಮೊದಲ ದಿನದಿಂದಲೇ ಬೆಳೆಯುತ್ತಿರಲಿ. ವಾಟ್ಸ್ಆ್ಯಪ್ ಚಾನೆಲ್ ಮೇಲೆ ಮಾತ್ರ ನಿಲ್ಲಬೇಡಿ, ಆ ಪಟ್ಟಿ ನಿಮ್ಮ ಕೈಯಲ್ಲಿರುವುದಿಲ್ಲ.

ವಿದೇಶಾಂಗ ತಾಣಕ್ಕೆ ದೊಡ್ಡ ಗಂಡಾಂತರ ನಕ್ಷೆ. ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ 1961ರ ಕ್ರಿಮಿನಲ್ ಕಾನೂನು (ತಿದ್ದುಪಡಿ) ಕಾಯ್ದೆಯ 2ನೇ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ವಿದೇಶಿ ತಾಣಗಳ ನಕ್ಷೆ, ಚಾರ್ಟ್ ಮಾಡುವ ಉಚಿತ ಸಾಧನಗಳ ಸಿದ್ಧ ನಕ್ಷೆಗಳಲ್ಲಿ ಜಮ್ಮು–ಕಾಶ್ಮೀರ, ಅಕ್ಸಾಯ್ ಚಿನ್, ಅರುಣಾಚಲದ ಗಡಿ ಚುಕ್ಕೆ ಗೆರೆಯಲ್ಲಿರುತ್ತದೆ. ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ತಾಣದಿಂದ ನಕ್ಷೆ ಇಳಿಸಿಕೊಂಡು, ಅದರಿಂದ ಒಂದು ಮಾದರಿ ಮಾಡಿಟ್ಟು, ಎಲ್ಲಕ್ಕೂ ಅದನ್ನೇ ಬಳಸಿ. 2019ರ ನವೆಂಬರಿಗಿಂತ ಹಳೆಯದಾದರೆ ಲಡಾಖ್ ಬೇರೆಯಾಗಿ ಕಾಣುವುದಿಲ್ಲ. ಹಂಚಿಕೊಂಡಾಗ ಕಾಣುವ ಪುಟ್ಟ ಚಿತ್ರದಲ್ಲೂ, ವಿಡಿಯೋದ ಹಿನ್ನೆಲೆಯಲ್ಲಿ ತಿರುಗುವ ಭೂಗೋಳದಲ್ಲೂ ಇದನ್ನು ನೋಡಿ.

ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಆರೋಪ ಬರೆಯುವ ಮೊದಲು ಎದುರು ಪಕ್ಷಕ್ಕೆ ಲಿಖಿತ ಪ್ರಶ್ನೆ ಕಳಿಸಿ, ಉತ್ತರಕ್ಕೆ ಸಮಯ ಕೊಟ್ಟು, ಆ ಇಮೇಲನ್ನು ಕಾಪಿಡಿ. ಸೇನಾ ಕಾರ್ಯಾಚರಣೆಯ ನೇರಪ್ರಸಾರ ಬೇಡವೆಂದು ಸಚಿವಾಲಯ 2025ರ ಏಪ್ರಿಲ್ 26ರಂದು ಎಲ್ಲ ಮಾಧ್ಯಮಗಳಿಗೂ ಸೂಚಿಸಿತ್ತು. ಸೇನೆಯ ಚಲನವಲನದ ವಿಡಿಯೋ ಓದುಗರಿಂದ ಬಂದರೂ ಹಾಕಬೇಡಿ.

ಶರಾವತಿ ದಂಡೆ

ಕಾನೂನುಕಟ್ಟೆಯವರೆ, ತುಂಬಾ ಉಪಕಾರವಾಯಿತು. ಹೊರದೇಶದ ಹಣದ ಬಗ್ಗೆ? ಕೊಡುತ್ತೇವೆ ಎಂದವರಲ್ಲಿ ಕೆಲವರು ಅಮೆರಿಕದ ಪೌರರು, ಕೆಲವರು ದುಬೈನಲ್ಲಿ ಕೆಲಸದಲ್ಲಿರುವ ಭಟ್ಕಳ, ಉಡುಪಿ ಕಡೆಯವರು. ವಾರಕ್ಕೊಂದು ಪಾಡ್‌ಕಾಸ್ಟ್ ಮಾಡುವ ಯೋಚನೆಯೂ ಇದೆ.

ಕಾನೂನುಕಟ್ಟೆ

ಇಲ್ಲಿ ನೋಡಬೇಕಾದ್ದು ಪಾಸ್‌ಪೋರ್ಟ್. ಎಲ್ಲಿದ್ದಾರೆ ಎಂಬುದು ಮುಖ್ಯವಲ್ಲ. ದುಬೈನಲ್ಲಿದ್ದರೂ ಭಾರತದ ಪೌರರಾಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮಾಮೂಲು ದಾರಿಯಲ್ಲಿ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದ್ದರೂ ವಿದೇಶಿ ಮೂಲವೇ. ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆ, 2010ರ 3ನೇ ಸೆಕ್ಷನ್, ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಧ್ವನಿ ಅಥವಾ ದೃಶ್ಯ ಸುದ್ದಿ, ಪ್ರಚಲಿತ ಕಾರ್ಯಕ್ರಮ ತಯಾರಿಸುವ ಸಂಸ್ಥೆಗೂ, ಅದರ ಸಂಪಾದಕ, ಅಂಕಣಕಾರ, ಮಾಲೀಕರಿಗೂ ವಿದೇಶಿ ದೇಣಿಗೆಯನ್ನು ನಿಷೇಧಿಸುತ್ತದೆ. ಅನುಮತಿ ತಂದು ತೆಗೆದುಕೊಳ್ಳೋಣ ಎಂಬ ದಾರಿ ಅಲ್ಲಿಲ್ಲ. ಪಾಡ್‌ಕಾಸ್ಟ್ ಶುರುವಾದರೆ ನೀವು ನೇರವಾಗಿ ಇದರೊಳಗೆ ಬಂದಿರಿ.

ಸೇವೆಗೆ ಪ್ರತಿಯಾಗಿ ಮಾಮೂಲು ವ್ಯವಹಾರದಲ್ಲಿ ಬಂದ ಶುಲ್ಕವನ್ನು ಮಾತ್ರ ಆ ಕಾಯ್ದೆ ದೇಣಿಗೆಯೆಂದು ಎಣಿಸುವುದಿಲ್ಲ. ಆದ್ದರಿಂದ ವಿದೇಶಿ ಪೌರರಿಗೆ ‘ಬೆಂಬಲಿಸಿ’ ಗುಂಡಿ ತೋರಿಸಬೇಡಿ. ನಿಗದಿತ ದರದ ಚಂದಾ, ಅದಕ್ಕೆ ಇನ್‌ವಾಯ್ಸ್, ಅಷ್ಟೇ. ದರಕ್ಕಿಂತ ಒಂದು ರೂಪಾಯಿ ಹೆಚ್ಚು ಕಳಿಸಿದರೂ ವಾಪಸ್ ಮಾಡಿ. ಹಣ ಕಟ್ಟುವ ಪುಟದಲ್ಲಿ ‘ನಾನು ಭಾರತದ ಪೌರ’ ಎಂಬ ಘೋಷಣೆ ಮತ್ತು ಪಾಸ್‌ಪೋರ್ಟ್ ಪ್ರತಿ ಕೇಳುವ ವ್ಯವಸ್ಥೆ ಇರಲಿ. ಶುರುಮಾಡುವ ಮೊದಲು ಈ ವಿಷಯ ಬಲ್ಲ ಚಾರ್ಟರ್ಡ್ ಅಕೌಂಟೆಂಟರಿಂದ ಲಿಖಿತ ಸಲಹೆ ಪಡೆದಿಟ್ಟುಕೊಳ್ಳಿ. ಹೂಡಿಕೆ ಬೇರೆ ದಾರಿ: ಡಿಜಿಟಲ್ ಸುದ್ದಿಗೆ ವಿದೇಶಿ ನೇರ ಹೂಡಿಕೆ 2019ರಿಂದ 26%ಗೆ ಸೀಮಿತ, ಅದೂ ಸರ್ಕಾರದ ಅನುಮತಿಯಿಂದ.

ಒಳಗಿನ ಚಂದಾಕ್ಕೆ ಯುಪಿಐ ಆಟೋಪೇ ಸಾಕು. ₹15,000ವರೆಗೆ ಪ್ರತಿ ತಿಂಗಳು ಮತ್ತೆ ಪಿನ್ ಬೇಡ, ಆದರೆ ಕಡಿತಕ್ಕೆ 24 ಗಂಟೆ ಮೊದಲು ಓದುಗರಿಗೆ ಸೂಚನೆ ಹೋಗುತ್ತದೆ. ತಿಂಗಳ ಕೊನೆಯ ದಿನಾಂಕ ಇಟ್ಟರೆ ಖಾತೆಯಲ್ಲಿ ಹಣವಿಲ್ಲದೆ ವಿಫಲವಾಗುವುದು ಹೆಚ್ಚು. 3ರಿಂದ 7ನೇ ತಾರೀಖಿನ ನಡುವೆ ಇಡಿ. ತಿಂಗಳಿಗೆ ₹100ರಂತೆ 500 ಜನ ಸಿಕ್ಕರೆ ₹50,000. ಅದರಲ್ಲಿ ಇಬ್ಬರ ಸಂಬಳ ಹುಟ್ಟುವುದಿಲ್ಲ ಎಂಬುದನ್ನು ಈಗಲೇ ಕಾಗದದ ಮೇಲೆ ಬರೆದುಕೊಳ್ಳಿ. ವಾರ್ಷಿಕ ₹1,000ದ ಚಂದಾ ಮುಂದಿಟ್ಟರೆ ಕೈಯಲ್ಲಿ ಹಣ ಬೇಗ ಸೇರುತ್ತದೆ.

ಒತ್ತಕ್ಷರ

ಪ್ರಶ್ನೆ 4, ಚಿಕ್ಕದಾಗಿ. ವರ್ಡ್‌ಪ್ರೆಸ್ ಆದರೆ ಕೊಂಡಿಯ ಹೆಸರನ್ನು ಕನ್ನಡದಲ್ಲಿ ಬಿಡಬೇಡಿ. ಕನ್ನಡದ ಒಂದೊಂದು ಸಂಕೇತ ಯುಟಿಎಫ್-8ರಲ್ಲಿ 3 ಬೈಟ್, ಕೊಂಡಿಯಲ್ಲಿ ಅದು 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ವರ್ಡ್‌ಪ್ರೆಸ್ಸಿನ ಮಿತಿ 200. ಅಂದರೆ ಸುಮಾರು 22 ಸಂಕೇತಕ್ಕೇ ತಲೆಬರಹ ತುಂಡಾಗುತ್ತದೆ. ಕಾಗುಣಿತ, ಒತ್ತು ಬೇರೆಬೇರೆ ಎಣಿಕೆಯಾಗುವುದರಿಂದ ಅದು ಮೂರ್ನಾಲ್ಕು ಪದ. ಒಂದೇ ರೀತಿ ಶುರುವಾಗುವ ಎರಡು ತಲೆಬರಹಗಳ ಕೊಂಡಿಗೆ ‘-2’ ಅಂಟಿಕೊಳ್ಳುತ್ತದೆ. ರೋಮನ್ ಅಕ್ಷರದಲ್ಲಿ ಮೂರ್ನಾಲ್ಕು ಪದದ ಕೊಂಡಿ ಕೈಯಾರೆ ಬರೆಯಿರಿ.

ಸಾಲಿನ ಎತ್ತರ 1.6ಕ್ಕಿಂತ ಕಡಿಮೆ ಬೇಡ, ಕೆಳಗಿನ ಒತ್ತಕ್ಷರ ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನೋಟೊ ಸೆರಿಫ್ ಕನ್ನಡ ಅಥವಾ ನೋಟೊ ಸ್ಯಾನ್ಸ್ ಕನ್ನಡವನ್ನು ನಿಮ್ಮ ಸರ್ವರಿನಿಂದಲೇ ಕೊಡಿ. ಅಂಕಣಕಾರರು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಕಡತ ಕಳಿಸಿದರೆ ಪರಿವರ್ತನೆಯ ನಂತರ ಅರ್ಕಾವತ್ತು ಮತ್ತು ಒತ್ತುಗಳನ್ನು ಕಣ್ಣಿನಿಂದಲೇ ತಾಳೆ ನೋಡಿ. ಹೆಸರುಗಳಿಗೆ ಒಂದೇ ಬರವಣಿಗೆ: ಷಿ ಜಿನ್‌ಪಿಂಗ್ ಎಂದೋ ಕ್ಸಿ ಎಂದೋ ತೀರ್ಮಾನಿಸಿ, ‘ನ್‌ಪಿ’ ನಡುವಿನ ಕಾಣದ ಅಕ್ಷರವೂ ಎಲ್ಲರ ಕೀಲಿಮಣೆಯಲ್ಲಿ ಒಂದೇ ಇರಲಿ. ಇಲ್ಲವಾದರೆ ನಿಮ್ಮದೇ ತಾಣದಲ್ಲಿ ಹುಡುಕಿದಾಗ ಅರ್ಧ ಬರಹ ಸಿಗುವುದಿಲ್ಲ.

ಯೂಟ್ಯೂಬಿನಲ್ಲಿ ಬೇರೆಯವರ ದೃಶ್ಯ ಬಳಸುವ ಮೊದಲು ಯೋಚಿಸಿ. 90 ದಿನದಲ್ಲಿ ಮೂರು ಹಕ್ಕುಸ್ವಾಮ್ಯ ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗುತ್ತದೆ.

ಅಡಿಕೆ ಸುಲಿ

ಎಲ್ಲರೂ ದೆಹಲಿ, ನ್ಯೂಯಾರ್ಕ್ ಹೇಳಿದಿರಿ. ಚಂದಾ ಕೊಡುವವರು ಶಿರಸಿ, ತೀರ್ಥಹಳ್ಳಿ, ಮಂಗಳೂರಿನಲ್ಲಿ ಇದ್ದಾರಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆಗಳನ್ನು ದಿನವೂ ನೋಡುವ ಪಟ್ಟಿಗೆ ಸೇರಿಸಿಕೊಳ್ಳಿ. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರವಿಲ್ಲದೆ, ಜೈಗಾಂವ್ ಸುಂಕದ ಠಾಣೆಯ ಮೂಲಕ ತರಲು ಬಿಟ್ಟದ್ದು ಅಂಥದೊಂದು ಅಧಿಸೂಚನೆಯಲ್ಲಿ. ಮುಂದಿನ ಫೆಬ್ರುವರಿಯಲ್ಲಿ ಕನಿಷ್ಠ ಆಮದು ದರ ಕಿಲೋಗೆ ₹251ರಿಂದ ₹351ಕ್ಕೆ ಏರಿದ್ದೂ ಹಾಗೆಯೇ. ನೆರೆಹೊರೆಯ ದೇಶದ ಜತೆಗಿನ ಸ್ನೇಹ ಮಲೆನಾಡಿನ ತೋಟಕ್ಕೆ ಹೇಗೆ ಮುಟ್ಟುತ್ತದೆ ಎಂದು ಬರೆದರೆ ಓದದವರುಂಟೆ?

ಕಚ್ಚಾತೈಲವೂ ಹಾಗೆಯೇ. ತುರ್ತು ತೈಲ ಸಂಗ್ರಹದ ಮೂರು ನೆಲದಡಿಯ ಗುಹೆಗಳಲ್ಲಿ ಎರಡು ನಮ್ಮಲ್ಲಿವೆ: ಮಂಗಳೂರು 15 ಲಕ್ಷ ಟನ್, ಪಾದೂರು 25 ಲಕ್ಷ ಟನ್. ಪಶ್ಚಿಮ ಏಷ್ಯಾದಲ್ಲಿ ಗಲಾಟೆಯಾದಾಗಲೆಲ್ಲ ಅವುಗಳಲ್ಲಿ ಎಷ್ಟಿದೆ ಎಂದು ಸಂಸತ್ತಿನಲ್ಲಿ ಪ್ರಶ್ನೆ ಬರುತ್ತದೆ, ಉತ್ತರಿಸುವುದು ಪೆಟ್ರೋಲಿಯಂ ಸಚಿವಾಲಯ. ಅಂದರೆ ಕಡತಪ್ರಿಯರು ಹೇಳಿದ ಗುರುವಾರ, ಶುಕ್ರವಾರ ಮಾತ್ರ ನೋಡಿದರೆ ಇದು ತಪ್ಪಿಹೋಗುತ್ತದೆ.

ಕಡತಪ್ರಿಯ

ಸರಿಯಾದ ಮಾತು. ಸಂಸತ್ತಿನ ತಾಣದಲ್ಲಿ ಸಚಿವಾಲಯದ ಬದಲು ಪದದಿಂದ ಹುಡುಕಿ: ಮಂಗಳೂರು, ಪಾದೂರು, ಅಡಿಕೆ, ಕೊಲ್ಲಿ, ಕಾರವಾರ. ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿರುವುದರಿಂದ ಊರ ಹೆಸರಿನ ಹಳೆಯ ಮತ್ತು ಹೊಸ ಎರಡೂ ರೂಪ ಹಾಕಬೇಕು. ‘ಮ್ಯಾಂಗಲೋರ್’ ಎಂದು ಹುಡುಕದಿದ್ದರೆ ಹಳೆಯ ಉತ್ತರಗಳು ಬರುವುದಿಲ್ಲ.